ವಿಮಾನದಲ್ಲಿ ಲ್ಯಾಪ್‌ಟಾಪ್: ಬ್ಯಾಟರಿ ಲೆಕ್ಕದಿಂದ ಟ್ರೇ ಟೇಬಲ್‌ವರೆಗೆ

ವಿಮಾನದಲ್ಲಿ ಲ್ಯಾಪ್‌ಟಾಪ್ ಒಯ್ಯುವ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಅದರೊಳಗಿನ ಲಿಥಿಯಂ-ಅಯಾನ್ ಬ್ಯಾಟರಿಯಿಂದ. ಬ್ಯಾಟರಿಯ ಒಂದು ಸೆಲ್ ಜಜ್ಜಿಹೋದರೆ ಅಥವಾ ಒಳಗೇ ಶಾರ್ಟ್ ಆದರೆ ಅದು ತಾನೇ ತಾನಾಗಿ ಕಾಯುತ್ತಾ ಹೋಗಿ ಪಕ್ಕದ ಸೆಲ್‌ಗೂ ಬಿಸಿ ದಾಟಿಸುತ್ತದೆ. ಇದಕ್ಕೆ ಥರ್ಮಲ್ ರನ್‌ಅವೇ ಎನ್ನುತ್ತಾರೆ. ಕ್ಯಾಬಿನ್‌ನಲ್ಲಿ ಹೀಗಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸುತ್ತಾರೆ. ಕೆಳಗಿನ ಲಗೇಜ್ ಕೋಣೆಯಲ್ಲಾದರೆ ಹೊಗೆ ಪತ್ತೆ ಉಪಕರಣ ಕೂಗಿಕೊಂಡರೂ ಅಲ್ಲಿಗೆ ಯಾರ ಕೈಯೂ ಎಟುಕದು. ಅಲ್ಲಿ ಬಿಡುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸುತ್ತದೆಯೇ ಹೊರತು ಕಾದ ಸೆಲ್ ಅನ್ನು ತಣಿಸುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. ಬಿಡಿ ಬ್ಯಾಟರಿ ಮತ್ತು ಪವರ್‌ಬ್ಯಾಂಕ್‌ಗಳಂತೂ ಕಡ್ಡಾಯವಾಗಿ ಕೈಚೀಲದಲ್ಲೇ ಇರಬೇಕು.

ವ್ಯಾಟ್-ಅವರ್ ಲೆಕ್ಕ

ಮಿತಿ ಅಳೆಯುವುದು ವ್ಯಾಟ್-ಅವರ್‌ನಲ್ಲಿ, ಅಂದರೆ ಬ್ಯಾಟರಿ ಎಷ್ಟು ಶಕ್ತಿ ತುಂಬಿಟ್ಟುಕೊಳ್ಳುತ್ತದೆ ಎಂಬ ಅಳತೆಯಲ್ಲಿ. 100ರವರೆಗೆ ಯಾರನ್ನೂ ಕೇಳಬೇಕಿಲ್ಲ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಬಿಡಿ ಬ್ಯಾಟರಿಯಾದರೆ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. 160 ದಾಟಿದ್ದು ಪ್ರಯಾಣಿಕರ ವಿಮಾನಕ್ಕೆ ಹತ್ತುವುದೇ ಇಲ್ಲ. ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ 40ರಿಂದ 99ರೊಳಗೇ ಇರುತ್ತವೆ. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99ರ ಆಸುಪಾಸಿಗೆ ನಿಲ್ಲುವುದೂ ಈ ಗೆರೆಯಿಂದಾಗಿಯೇ.

ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಬರೆದಿರದಿದ್ದರೆ ವೋಲ್ಟೇಜನ್ನು ಆಂಪಿಯರ್-ಅವರ್‌ನಿಂದ (1,000 ಎಂಎಎಚ್‌ಗೆ ಒಂದು ಆಂಪಿಯರ್-ಅವರ್) ಗುಣಿಸಿ. 11.4 ವೋಲ್ಟ್, 4,400 ಎಂಎಎಚ್ ಎಂದರೆ 11.4 × 4.4, ಅಂದರೆ ಸುಮಾರು 50. ಪವರ್‌ಬ್ಯಾಂಕ್ ಲೆಕ್ಕದಲ್ಲಿ ಯುಎಸ್‌ಬಿಯ 5 ವೋಲ್ಟ್ ಹಿಡಿಯಬೇಡಿ, ಒಳಗಿನ ಸೆಲ್‌ನ 3.7 ವೋಲ್ಟ್ ಹಿಡಿಯಿರಿ. 20,000 ಎಂಎಎಚ್‌ಗೆ 74 ಬರುತ್ತದೆ, ತೊಂದರೆಯಿಲ್ಲ. 30,000ಕ್ಕೆ 111, ಒಪ್ಪಿಗೆ ಬೇಕು. ಅಂಕಿ ಅಳಿಸಿಹೋಗಿ ಓದಲಾಗದ ಪವರ್‌ಬ್ಯಾಂಕನ್ನು ತಪಾಸಣೆಯವರು ತೆಗೆದಿಟ್ಟುಕೊಳ್ಳಬಹುದು, ಅಂಥದ್ದನ್ನು ಮನೆಯಲ್ಲೇ ಬಿಡಿ.

ಪವರ್‌ಬ್ಯಾಂಕ್ ನಿಯಮಗಳು ಈಚೆಗೆ ಬಿಗಿಯಾಗುತ್ತಿವೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದಕ್ಕೆ ಬೆಂಕಿ ಬಿದ್ದ ಮೇಲೆ, ಆ ದೇಶ ಮಾರ್ಚ್ 1ರಿಂದ ಪವರ್‌ಬ್ಯಾಂಕ್‌ಗಳನ್ನು ತಲೆಯ ಮೇಲಿನ ಬಿನ್‌ನಲ್ಲಿ ಇಡಬಾರದೆಂದಿತು. ಚೀನಾ ಅದೇ ವರ್ಷ ಜೂನ್ 28ರಿಂದ ತನ್ನ 3ಸಿ ಎಂಬ ಸುರಕ್ಷತಾ ಪ್ರಮಾಣದ ಗುರುತು ಇಲ್ಲದ ಪವರ್‌ಬ್ಯಾಂಕ್‌ಗಳನ್ನು ದೇಶದೊಳಗಿನ ವಿಮಾನಗಳಲ್ಲಿ ನಿಷೇಧಿಸಿತು. ಕೆಲವು ಸಂಸ್ಥೆಗಳು ಹಾರಾಟದ ವೇಳೆ ಅದನ್ನು ಬಳಸಲೂ ಬಿಡುವುದಿಲ್ಲ. ಹಾಗಾಗಿ ದಾರಿಯಲ್ಲಿ ಪವರ್‌ಬ್ಯಾಂಕ್‌ನಿಂದ ಲ್ಯಾಪ್‌ಟಾಪ್ ನಡೆಸುತ್ತೇನೆ ಎಂದು ನೆಚ್ಚಿಕೊಳ್ಳುವುದು ಬೇಡ.

ಉಬ್ಬಿದ ಬ್ಯಾಟರಿಯ ವಿಚಾರದಲ್ಲಿ ರಾಜಿಯೇ ಬೇಡ. ಟಚ್‌ಪ್ಯಾಡ್ ಮೇಲೆದ್ದಿದೆಯೇ, ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಅಲುಗಾಡುತ್ತದೆಯೇ, ಕೀಲಿಮಣೆಯ ಅಂಚಲ್ಲಿ ಸಂದು ಬಿಟ್ಟಿದೆಯೇ ನೋಡಿ. ಹೌದಾದರೆ ಅದು ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ. ತಯಾರಕರು ಹಿಂದಕ್ಕೆ ಕರೆದಿರುವ ಬ್ಯಾಟರಿಗೂ ಇದೇ ಮಾತು. 2015ರ ಸೆಪ್ಟೆಂಬರ್‌ನಿಂದ 2017ರ ಫೆಬ್ರವರಿವರೆಗೆ ಮಾರಾಟವಾದ 15 ಇಂಚಿನ ಕೆಲವು ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿಯನ್ನು ಆಪಲ್ 2019ರಲ್ಲಿ ಹಿಂದಕ್ಕೆ ಕರೆದಿತ್ತು. ಬ್ಯಾಟರಿ ಬದಲಿಸದ ಹೊರತು ಅವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ.

ಹೊರಡುವ ಹಿಂದಿನ ದಿನ

ಬ್ಯಾಕಪ್ ತೆಗೆದು, ಆ ಡಿಸ್ಕನ್ನು ಬೇರೆ ಚೀಲದಲ್ಲಿಡಿ. ಡಿಸ್ಕ್ ಎನ್‌ಕ್ರಿಪ್ಶನ್ (ಕಡತಗಳನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವ್ಯವಸ್ಥೆ) ಇದ್ದರೆ ಅದನ್ನು ಬಿಡಿಸುವ ರಿಕವರಿ ಕೀ ಲ್ಯಾಪ್‌ಟಾಪ್‌ನ ಹೊರಗೆಲ್ಲಾದರೂ ಇರಬೇಕು. ಬೇಕಾದ ಕಡತಗಳನ್ನು ಇಳಿಸಿಕೊಂಡ ಮೇಲೆ ವೈಫೈ ಆರಿಸಿ ಒಂದೊಂದನ್ನೂ ತೆರೆದು ನೋಡಿ. ಕ್ಲೌಡ್ ಫೋಲ್ಡರ್‌ನಲ್ಲಿ ಹೆಸರು ಮಾತ್ರ ಕಂಡು ಕಡತ ಇಳಿದೇ ಇರದಿರುವುದು ಹೀಗೆ ಮಾಡಿದಾಗಲೇ ಗೊತ್ತಾಗುವುದು. ಮೇಲೆ ಹಾರುತ್ತಿರುವಾಗ ಎಸ್‌ಎಂಎಸ್ ಒಟಿಪಿ ಬರುವುದಿಲ್ಲ. ಲಾಗಿನ್‌ಗೆ ಅಥೆಂಟಿಕೇಟರ್ ಆ್ಯಪ್ ಅಥವಾ ಬರೆದಿಟ್ಟ ಬ್ಯಾಕಪ್ ಕೋಡ್ ಸಿದ್ಧವಿರಲಿ.

ಭದ್ರತಾ ತಪಾಸಣೆ

ಲ್ಯಾಪ್‌ಟಾಪನ್ನು ಹೊರಗೆ ತೆಗೆಸುವುದು ಏಕೆಂದರೆ ಬ್ಯಾಟರಿ ಮತ್ತು ಸರ್ಕ್ಯೂಟ್ ಬೋರ್ಡ್ ಎಕ್ಸ್-ರೇ ಚಿತ್ರದಲ್ಲಿ ದಟ್ಟವಾಗಿ ಕಂಡು ಅಡಿಯಲ್ಲಿರುವುದನ್ನು ಮರೆಮಾಡುತ್ತವೆ. ಟ್ರೇಯಲ್ಲಿ ಅದೊಂದೇ ಇರಲಿ, ಮೇಲೊಂದು ಕೆಳಗೊಂದು ಸೇರಿಸಿದರೆ ಮತ್ತೆ ತಪಾಸಣೆಗೆ ಹೋಗುತ್ತದೆ. ಮೂರು ಆಯಾಮದ ಚಿತ್ರ ಕೊಡುವ ಸಿಟಿ ಸ್ಕ್ಯಾನರ್ ಇರುವ ಕಡೆ ಚೀಲದಲ್ಲೇ ಬಿಡಲು ಹೇಳುತ್ತಾರೆ. ಎಕ್ಸ್-ರೇಯಿಂದ ಎಸ್‌ಎಸ್‌ಡಿಗಾಗಲಿ ಹಾರ್ಡ್ ಡಿಸ್ಕ್‌ಗಾಗಲಿ ಹಾನಿಯಿಲ್ಲ. ಆನ್ ಮಾಡಿ ತೋರಿಸಿ ಎಂದು ಕೇಳುವುದೂ ಉಂಟು, ಆದ್ದರಿಂದ ಚಾರ್ಜ್ ಖಾಲಿಯಾದ ಲ್ಯಾಪ್‌ಟಾಪ್ ಒಯ್ಯಬೇಡಿ. ಒಂದೇ ಮಾದರಿಯ ಲ್ಯಾಪ್‌ಟಾಪ್‌ಗಳು ಇಲ್ಲಿ ಅದಲುಬದಲಾಗುವುದು ಸುಲಭ. ಮುಚ್ಚಳದ ಮೇಲೆ ಎದ್ದುಕಾಣುವ ಸ್ಟಿಕರ್ ಅಂಟಿಸಿ, ನಿಮ್ಮ ಸರದಿ ಬಂದಾಗಷ್ಟೇ ಟ್ರೇಯನ್ನು ಒಳಗೆ ತಳ್ಳಿ.

ಸೀಟಿನಲ್ಲಿ

ಕೆಲಸ ಮಾಡಬೇಕೆಂದಿದ್ದರೆ ಸೀಟು ಆರಿಸುವಾಗಲೇ ಯೋಚಿಸಿ. ಮುಂದೆ ಗೋಡೆಯಿರುವ ಬಲ್ಕ್‌ಹೆಡ್ ಸಾಲಿನಲ್ಲಿ ಚೀಲವನ್ನು ಕಾಲಬಳಿ ಇಡಲಾಗದು, ತುರ್ತು ಬಾಗಿಲಿನ ಸಾಲಿನಲ್ಲೂ ಟೇಕಾಫ್, ಲ್ಯಾಂಡಿಂಗ್ ವೇಳೆ ಮೇಲಿನ ಬಿನ್‌ಗೇ ಹೋಗಬೇಕು. 13-14 ಇಂಚಿನದು ಇಕಾನಮಿ ಟ್ರೇಗೆ ಹೊಂದುತ್ತದೆ. 15.6 ಇಂಚಿನದನ್ನು ತೆರೆದರೆ ಸ್ಕ್ರೀನ್ ಬೇಕಾದಷ್ಟು ಹಿಂದಕ್ಕೆ ಬಾಗುವುದೇ ಕಷ್ಟ.

ಸ್ಕ್ರೀನ್ ಒಡೆಯುವ ಬಗೆ ಗೊತ್ತಿರಲಿ. ಎದುರಿನ ಸೀಟಿನ ಬೆನ್ನಲ್ಲಿ ಟ್ರೇ ಮಡಿಸಿಡುವ ತಗ್ಗಿನ ಮೇಲಂಚಿನ ಕೆಳಗೆ ಸ್ಕ್ರೀನಿನ ತುದಿ ಸಿಕ್ಕಿಕೊಂಡಿರುತ್ತದೆ. ಮುಂದಿನವರು ತಟ್ಟನೆ ಸೀಟು ಹಿಂದಕ್ಕೆ ಒರಗಿಸುತ್ತಾರೆ. ಇಡೀ ಭಾರ ಹಿಂಜ್ ಮತ್ತು ಗಾಜಿನ ಮೇಲೆ ಬೀಳುತ್ತದೆ. ಲ್ಯಾಪ್‌ಟಾಪನ್ನು ನಿಮ್ಮ ಕಡೆಗೆ ಎಳೆದುಕೊಂಡು ಸ್ಕ್ರೀನಿನ ತುದಿ ಎದುರಿನ ಸೀಟಿಗೆ ತಾಗದಂತಿಡಿ. ಒರಗುವ ಮೊದಲು ಒಂದು ಮಾತು ಹೇಳಿ ಎಂದು ಮುಂದಿನವರನ್ನು ಕೇಳಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಎದ್ದು ಹೋಗುವಾಗ ಮುಚ್ಚಿಟ್ಟೇ ಹೋಗಿ.

ಟೇಕಾಫ್ ಮತ್ತು ಲ್ಯಾಂಡಿಂಗ್‌ನಲ್ಲಿ ಫೋನ್ ಕೈಯಲ್ಲಿರಬಹುದು, ಲ್ಯಾಪ್‌ಟಾಪ್ ಇರುವಂತಿಲ್ಲ. ಗಟ್ಟಿ ಬ್ರೇಕ್ ಬಿದ್ದರೆ ಅಷ್ಟು ತೂಕದ ವಸ್ತು ಹಾರಿ ಯಾರಿಗಾದರೂ ಬಡಿಯುತ್ತದೆ, ತುರ್ತಾಗಿ ಹೊರಬೀಳುವವರಿಗೂ ಅಡ್ಡವಾಗುತ್ತದೆ. ಮುಂದಿನ ಸೀಟಿನಡಿಯ ಚೀಲದೊಳಗೆ ಇಡಿ. ಸೀಟಿನ ಜೇಬಿನಲ್ಲಿಟ್ಟರೆ ಮೊಣಕಾಲು ಒತ್ತಿ ಸ್ಕ್ರೀನ್ ಬಾಗುತ್ತದೆ, ಇಳಿಯುವ ಗಡಿಬಿಡಿಯಲ್ಲಿ ಮರೆತೂ ಹೋಗುತ್ತದೆ.

ವಿದ್ಯುತ್

ಸೀಟಿನ ಸಾಕೆಟ್ ಸಾಮಾನ್ಯವಾಗಿ 110 ವೋಲ್ಟ್ ಕೊಡುತ್ತದೆ. ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಹೊಂದುತ್ತದೆ. ತೊಡಕಿರುವುದು ವ್ಯಾಟ್‌ನಲ್ಲಿ. ಎಷ್ಟೋ ವಿಮಾನಗಳಲ್ಲಿ ಒಂದು ಸೀಟಿಗೆ ಸಿಗುವುದು 75 ವ್ಯಾಟ್‌ನಷ್ಟೇ. 180 ವ್ಯಾಟ್ ಅಡಾಪ್ಟರ್ ಸಿಕ್ಕಿಸಿದರೆ ಕ್ಷಣಹೊತ್ತು ಹಸಿರು ದೀಪ ಉರಿದು ಸಾಕೆಟ್ ತಾನೇ ಕಡಿದುಕೊಳ್ಳುತ್ತದೆ. ಆಗ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಸಿಕ್ಕಿಸಿ. ಇದಕ್ಕಿಂತ ಒಳ್ಳೆಯ ಉಪಾಯ, ಲ್ಯಾಪ್‌ಟಾಪ್ ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವುದಾದರೆ 45 ಅಥವಾ 65 ವ್ಯಾಟ್‌ನ ಚಿಕ್ಕ ಚಾರ್ಜರ್ ಒಯ್ಯುವುದು. ಬ್ಯಾಟರಿ ತುಂಬಿಸಿಕೊಂಡೇ ಹತ್ತಿ. ತುಂಬಿದ ಬ್ಯಾಟರಿ ಸಾಕೆಟ್‌ನಿಂದ ಎಳೆಯುವುದು ಬಹಳ ಕಡಿಮೆ. ಹಳೆಯ ಯುಎಸ್‌ಬಿ-ಎ ಪೋರ್ಟ್ ಫೋನಿಗಷ್ಟೇ ಸಾಲುತ್ತದೆ.

ಕ್ಯಾಬಿನ್ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟು. ಗಾಳಿ ತೆಳುವಾದ್ದರಿಂದ ಫ್ಯಾನ್ ಹೊರಹಾಕುವ ಬಿಸಿಯೂ ಕಡಿಮೆ. ಕಂಬಳಿಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಬೇಡಿ, ವಿಡಿಯೊ ರೆಂಡರಿಂಗ್‌ನಂಥ ಭಾರದ ಕೆಲಸ ನೆಲಕ್ಕೆ ಬಂದ ಮೇಲೆ ಮಾಡಿ.

ವೈಫೈ

ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಮತ್ತೆ ಆನ್ ಮಾಡಿ. ಲಾಗಿನ್ ಪುಟ ಬರದಿದ್ದರೆ ವಿಪಿಎನ್ ಆರಿಸಿ. ಸಂಪರ್ಕ ಸಿಕ್ಕ ಮೇಲೆ ವಿಪಿಎನ್ ಹಾಕಿಕೊಳ್ಳಿ. ಕ್ಲೌಡ್ ಸಿಂಕ್, ಅಪ್‌ಡೇಟ್‌ಗಳನ್ನು ನಿಲ್ಲಿಸದಿದ್ದರೆ ಸಿಕ್ಕಿದ್ದೆಲ್ಲ ಅವಕ್ಕೇ ಹೋಗುತ್ತದೆ. ಭೂಸ್ಥಿರ ಉಪಗ್ರಹದ ಸಂಪರ್ಕವಾದರೆ ಸಂಕೇತ 35,786 ಕಿ.ಮೀ. ಎತ್ತರಕ್ಕೆ ಹೋಗಿ ಬರಬೇಕು, ಉತ್ತರಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಮೇಲ್‌ಗೆ ಸಾಕು, ವಿಡಿಯೊ ಕರೆಗೆ ಒಗ್ಗದು.

ಬಿಸಿಯೇರಿದರೆ, ಹೊಗೆ ಬಂದರೆ

ಚಾರ್ಜರ್ ಕಿತ್ತು, ಆಫ್ ಮಾಡಿ, ತಕ್ಷಣ ಸಿಬ್ಬಂದಿಯನ್ನು ಕರೆಯಿರಿ. ಚೀಲಕ್ಕೆ ತುರುಕಬೇಡಿ, ಮಂಜುಗಡ್ಡೆ ಮುಚ್ಚಬೇಡಿ, ಅದು ಬಿಸಿಯನ್ನು ಒಳಗೇ ತಡೆಹಿಡಿಯುತ್ತದೆ. ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟು ಅಲುಗಾಡಿಸದೆ ಅವರನ್ನೇ ಕರೆಯಿರಿ, ಯಂತ್ರಕ್ಕೆ ಸಿಕ್ಕಿ ಜಜ್ಜಿದರೆ ಬೆಂಕಿ ಹತ್ತಬಹುದು.

ಕೆಳಗೆ ಹಾಕಲೇಬೇಕಾಗಿ ಬಂದರೆ

ಗೇಟಿನಲ್ಲಿ ಕೈಚೀಲವನ್ನು ಲಗೇಜಿಗೆ ಕೇಳಿದರೆ ಪವರ್‌ಬ್ಯಾಂಕ್, ಬಿಡಿ ಬ್ಯಾಟರಿ, ಲ್ಯಾಪ್‌ಟಾಪ್ ಮೂರನ್ನೂ ತೆಗೆದುಕೊಂಡೇ ಚೀಲ ಕೊಡಿ. ಇವಕ್ಕಾಗಿ ಮಡಚುವ ಬಟ್ಟೆಚೀಲವೊಂದು ಒಳಗಿರಲಿ. ಲ್ಯಾಪ್‌ಟಾಪ್ ಕೆಳಗೇ ಹೋಗಬೇಕಾದರೆ ಪೂರ್ತಿ ಶಟ್‌ಡೌನ್ ಆಗಿರಬೇಕು, ಸ್ಲೀಪ್ ಸಲ್ಲದು. ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೆ ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗಲೆಂದು ಪೂರ್ತಿ ಆರದೆ ಉಳಿಯುವ ವ್ಯವಸ್ಥೆ) ಇಲ್ಲದೆ ನಿಜವಾಗಿ ಆರುತ್ತದೆ. ಗಟ್ಟಿ ಸೂಟ್‌ಕೇಸಿನ ನಟ್ಟನಡುವೆ, ಸುತ್ತಲೂ ಬಟ್ಟೆ ಇಟ್ಟು ಕೂರಿಸಿ. ತಣ್ಣಗಿನ ಲಗೇಜ್ ಕೋಣೆಯಿಂದ ಸೆಕೆಯ ಊರಿಗೆ ಬಂದಾಗ ಒಳಗೆ ಪಸೆ ಕಟ್ಟುತ್ತದೆ. ಆದ್ದರಿಂದ ಮುಟ್ಟಿದರೆ ತಣ್ಣಗಿರದಷ್ಟು ಹೊತ್ತು ಕಾದು ಆಮೇಲೆ ಆನ್ ಮಾಡಿ.