ರಕ್ತ ತಾಗಿತೆಂಬ ಎಚ್‌ಐವಿ ಭಯ: ಮೊದಲ ಗಂಟೆಯಿಂದ ಮೂರನೆಯ ತಿಂಗಳವರೆಗೆ ಮಾಡಬೇಕಾದದ್ದು

ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರನ್ನು ಎತ್ತಿ ಆಟೋಗೆ ಹತ್ತಿಸಿ ಮನೆಗೆ ಬಂದವರಿಗೆ, ಕೈ ತೊಳೆಯುವ ಹೊತ್ತಿನಲ್ಲಿ ಉಗುರಿನ ಪಕ್ಕ ಚರ್ಮ ಸುಲಿದಿದ್ದ ಜಾಗವೊಂದು ಕಣ್ಣಿಗೆ ಬೀಳುತ್ತದೆ. ಅಂಗಿಯ ತೋಳಿನ ಮೇಲೆ ಕಂದುಗಟ್ಟಿದ ಕಲೆ ಇರುತ್ತದೆ. ಆ ಮನುಷ್ಯ ಯಾರೋ, ಅವನಿಗೆ ಏನಿತ್ತೋ ಎಂಬ ಪ್ರಶ್ನೆ ಆ ರಾತ್ರಿ ತಲೆಗೆ ಹೊಕ್ಕರೆ ವಾರಗಟ್ಟಲೆ ಹೊರಗೆ ಹೋಗುವುದಿಲ್ಲ. ಆದರೆ ಇಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ರಕ್ತ ಯಾರದ್ದು ಎಂದಲ್ಲ, ಆ ರಕ್ತ ನಮ್ಮ ಮೈಯಲ್ಲಿ ಎಲ್ಲಿಗೆ ಹೋಯಿತು ಎಂದು. ಇದಕ್ಕೆ ನೇರ ಉತ್ತರ ಸಿಕ್ಕರೆ ಮುಂದೆ ಏನು ಮಾಡಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಅದಕ್ಕೂ ಮೊದಲು ತೊಳೆಯುವ ಕೆಲಸ ಆಗಬೇಕು. ಚರ್ಮಕ್ಕೆ ರಕ್ತ ತಾಗಿದ್ದರೆ ಅಥವಾ ಸೂಜಿ ಚುಚ್ಚಿದ್ದರೆ ಹರಿಯುವ ನೀರು ಮತ್ತು ಸಾಮಾನ್ಯ ಸಾಬೂನು ಸಾಕು. ಚುಚ್ಚಿದ ಬೆರಳನ್ನು ಹಿಂಡಿ ರಕ್ತ ತೆಗೆಯುವುದು, ರೂಢಿಯಂತೆ ಬಾಯಿಗಿಟ್ಟು ಚೀಪುವುದು, ಬ್ಲೀಚಿಂಗ್ ನೀರು, ಸ್ಪಿರಿಟ್ ಅಥವಾ ಅಯೋಡಿನ್ ಸುರಿಯುವುದು ಇವಾವುದನ್ನೂ ಮಾಡಬಾರದು. ಕಟು ರಾಸಾಯನಿಕಗಳು ಚರ್ಮವನ್ನು ಸುಟ್ಟು, ಇಲ್ಲದ ಗಾಯವನ್ನು ಮಾಡಿಕೊಡುತ್ತವೆ. ಕಣ್ಣಿಗೆ ಸಿಡಿದಿದ್ದರೆ ಕುಳಿತು ತಲೆಯನ್ನು ಹಿಂದಕ್ಕೆ ಬಾಗಿಸಿ, ಬೇರೆಯವರಿಂದ ಶುದ್ಧ ನೀರನ್ನು ನಿಧಾನವಾಗಿ ಹಾಕಿಸಿಕೊಳ್ಳಬೇಕು. ಲೆನ್ಸ್ ಧರಿಸಿದ್ದರೆ ಮೊದಲು ಅದರ ಮೇಲೆಯೇ ನೀರು ಹಾಕಿ ಆಮೇಲೆ ತೆಗೆಯಬೇಕು. ಬಾಯಿಗೆ ಹೋಗಿದ್ದರೆ ಉಗುಳಿ ಹಲವು ಬಾರಿ ಬಾಯಿ ಮುಕ್ಕಳಿಸಬೇಕು, ಅಷ್ಟೇ.

ಈಗ ಆ ಪ್ರಶ್ನೆಗೆ ಬರೋಣ. ಬೇರೊಬ್ಬರ ರಕ್ತದಲ್ಲಿರುವ ವೈರಸ್ ನಮ್ಮೊಳಗೆ ಬರಲು ದಾರಿಗಳು ಕೆಲವೇ: ರಕ್ತ ಮೆತ್ತಿದ ಸೂಜಿ ಅಥವಾ ಹರಿತವಾದ ವಸ್ತು ಚರ್ಮವನ್ನು ಭೇದಿಸಿರಬೇಕು, ಕಣ್ಣು, ಮೂಗು, ಬಾಯಿಗಳ ಒಳಪದರಕ್ಕೆ ರಕ್ತ ಸಿಡಿದಿರಬೇಕು, ಇಲ್ಲವೇ ಹಸಿಯಾಗಿ ತೆರೆದಿರುವ ಗಾಯಕ್ಕೆ ಹಸಿ ರಕ್ತ ಸೇರಿರಬೇಕು. ಇಡಿಯಾಗಿರುವ ಚರ್ಮದ ಮೇಲೆ ಎಷ್ಟೇ ರಕ್ತ ಸುರಿದರೂ ಎಚ್‌ಐವಿ ಒಳಗೆ ಹೋಗುವುದಿಲ್ಲ. ಉಗುರಿನ ಬದಿಯ ಒಣಗಿದ ಸಿಪ್ಪೆ, ಹಕ್ಕಳೆ ಕಟ್ಟಿದ ಹಳೆಯ ಗೀರು, ನಿನ್ನೆಯ ಸೊಳ್ಳೆ ಕಡಿತವನ್ನು ಕೆರೆದ ಗುರುತು ಇವು ತೆರೆದ ಗಾಯಗಳಲ್ಲ. ಸಂಶಯವಿದ್ದರೆ ಆ ಜಾಗವನ್ನು ಒಳ್ಳೆಯ ಬೆಳಕಿನಲ್ಲಿ ಒಮ್ಮೆ ನೋಡಬೇಕು: ಆ ಹೊತ್ತಿನಲ್ಲಿ ಅಲ್ಲಿಂದ ರಕ್ತವೋ ನೀರೋ ಒಸರುತ್ತಿತ್ತೇ? ಒಮ್ಮೆ ನೋಡಿದರೆ ಸಾಕು; ಹತ್ತನೆಯ ಬಾರಿ ನೋಡುವಾಗ ನೋಡುತ್ತಿರುವುದು ಕಣ್ಣಲ್ಲ, ಭಯ.

ಅಪಾಯದ ಅಳತೆಯನ್ನೂ ತಿಳಿದಿರುವುದು ಒಳ್ಳೆಯದು. ಎಚ್‌ಐವಿ ಇರುವುದು ಖಚಿತವಾಗಿರುವ, ಚಿಕಿತ್ಸೆ ಪಡೆಯದ ವ್ಯಕ್ತಿಯ ರಕ್ತವಿದ್ದ ಸೂಜಿ ಆಸ್ಪತ್ರೆಯ ಸಿಬ್ಬಂದಿಗೆ ಚುಚ್ಚಿದಾಗ ಸೋಂಕು ತಗಲುವ ಸಾಧ್ಯತೆ ಸುಮಾರು 0.3 ಶೇಕಡ, ಅಂದರೆ ಸಾವಿರ ಚುಚ್ಚುಗಳಲ್ಲಿ ಮೂರು. ಕಣ್ಣು ಅಥವಾ ಬಾಯಿಯ ಪದರಕ್ಕೆ ಸಿಡಿದಾಗ ಅದು ಸುಮಾರು 0.09 ಶೇಕಡಕ್ಕೆ ಇಳಿಯುತ್ತದೆ. ಯಾವ ಔಷಧವನ್ನೂ ತೆಗೆದುಕೊಳ್ಳದಿದ್ದಾಗಿನ ಲೆಕ್ಕ ಇದು. ಕ್ಷೌರದಂಗಡಿಯ ಬ್ಲೇಡ್, ಬಸ್ಸಿನ ಸೀಟಿನ ಮೇಲೆ ಒಣಗಿದ ಕಲೆ, ಹೋಟೆಲಿನ ಲೋಟದ ಅಂಚಿನಲ್ಲಿ ಕಂಡ ಕೆಂಪು ಚುಕ್ಕೆ, ಇವುಗಳ ಬಗ್ಗೆ ಕೇಳುವವರೇ ಹೆಚ್ಚು. ಮೈಯಿಂದ ಹೊರಬಂದು ಒಣಗಿದ ರಕ್ತದಲ್ಲಿ ಈ ವೈರಸ್ ಬೇಗನೆ ಶಕ್ತಿ ಕಳೆದುಕೊಳ್ಳುವುದರಿಂದ ಕಲೆ ಮುಟ್ಟಿದ್ದಕ್ಕಾಗಿ ನಿದ್ದೆಗೆಡುವ ಕಾರಣವಿಲ್ಲ. ನಿಜ ಹೇಳಬೇಕೆಂದರೆ ಬ್ಲೇಡಿನ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಬಗ್ಗೆ: ಆ ವೈರಸ್ ಹೊರಗಿನ ವಸ್ತುಗಳ ಮೇಲೆ ಕನಿಷ್ಠ 7 ದಿನ ಬದುಕಿರಬಲ್ಲದು, ಸೂಜಿ ಚುಚ್ಚಿದಾಗ ಎಚ್‌ಐವಿಗಿಂತ ಬಹಳ ಸುಲಭವಾಗಿ ಹರಡುತ್ತದೆ, ಮತ್ತು ಅದಕ್ಕೆ ಲಸಿಕೆಯಿದೆ. ಎಚ್‌ಐವಿ ಎಂದು ನಡುಗುವ ಹಲವರು ಆ ಲಸಿಕೆಯ ಮೂರು ಡೋಸುಗಳನ್ನು ಹಾಕಿಸಿಕೊಂಡಿರುವುದಿಲ್ಲ ಎಂಬುದು ನನಗೆ ಸದಾ ವಿಚಿತ್ರವಾಗಿ ಕಾಣುತ್ತದೆ.

ಮೇಲೆ ಹೇಳಿದ ದಾರಿಗಳಲ್ಲಿ ಯಾವುದಾದರೂ ಒಂದು ನಿಮ್ಮ ಸಂದರ್ಭಕ್ಕೆ ಹೊಂದುವುದಾದರೆ, ಅಂದರೆ ಕಸ ವಿಂಗಡಿಸುವಾಗ ಸಿರಿಂಜ್ ಚುಚ್ಚಿದ್ದರೆ, ಪ್ರಯೋಗಾಲಯದಲ್ಲಿ ರಕ್ತ ಕಣ್ಣಿಗೆ ಸಿಡಿದಿದ್ದರೆ ಅಥವಾ ಗಾಜು ಕೊಯ್ದ ಅಂಗೈಯಿಂದಲೇ ಗಾಯಾಳುವನ್ನು ಎತ್ತಿದ್ದರೆ, ಇಲ್ಲಿ ಗಡಿಯಾರ ಮುಖ್ಯವಾಗುತ್ತದೆ. ಸೋಂಕು ನೆಲೆಯೂರದಂತೆ ತಡೆಯುವ ಔಷಧಕ್ರಮವನ್ನು ಪೆಪ್ ಎನ್ನುತ್ತಾರೆ. ಅದನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು. ಅದು ಕಳೆದ ಮೇಲೆ ಪ್ರಯೋಜನವಿಲ್ಲ. ಆದ್ದರಿಂದ ಬೆಳಗಾಗಲಿ, ಸೋಮವಾರ ಬರಲಿ ಎಂದು ಕಾಯದೆ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 1097 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ವೈದ್ಯರೆದುರು ‘ಏನೋ ಆಯಿತು’ ಎನ್ನದೆ, ಎಷ್ಟು ಗಂಟೆಗೆ, ಯಾವ ವಸ್ತುವಿನಿಂದ, ಮೈಯ ಯಾವ ಭಾಗಕ್ಕೆ, ಎಷ್ಟು ರಕ್ತ ಎಂಬ ನಾಲ್ಕು ಸಂಗತಿಗಳನ್ನು ಹೇಳಿದರೆ ಅವರ ನಿರ್ಧಾರ ಬೇಗನಾಗುತ್ತದೆ. ಪೆಪ್ ಬೇಡವೆಂದು ಅವರು ಹೇಳಿದರೆ ಅದು ಉದಾಸೀನವಲ್ಲ, ಒಂದು ವೈದ್ಯಕೀಯ ತೀರ್ಮಾನ.

ಬೇಕೆಂದಾದರೆ ಈಗ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಮೂರೂ ಸೇರಿದ ಒಂದೇ ಮಾತ್ರೆ; ದಿನಕ್ಕೊಂದರಂತೆ 28 ದಿನ. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ನಿದ್ದೆ ಬಾರದಿರುವುದು ಉಂಟು. ಅದಕ್ಕೆ ಹೆದರಿ ನಡುವೆ ಬಿಡಬಾರದು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್ ಇವು ಡೊಲುಟೆಗ್ರವಿರ್ ಮೈಗೆ ಹತ್ತದಂತೆ ಮಾಡುತ್ತವೆ, ಆದ್ದರಿಂದ ಪೆಪ್ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಬೇಕು. ಆರಂಭಿಸುವಾಗಲೇ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಮೂತ್ರಪಿಂಡದ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ. ಚುಚ್ಚು ಅಥವಾ ಗಾಯವಾಗಿದ್ದರೆ ಧನುರ್ವಾಯು ತಡೆಯುವ ಚುಚ್ಚುಮದ್ದಿನ ವಿಷಯವನ್ನೂ ಕೇಳಬೇಕು.

ಗಾಯಾಳುವಿನ ರಕ್ತವನ್ನು ಗುಟ್ಟಾಗಿ ಪರೀಕ್ಷಿಸಿ ಹೇಳಿ ಎಂದು ಆಸ್ಪತ್ರೆಯವರ ಬೆನ್ನು ಹತ್ತುವವರಿದ್ದಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ಫಲಿತಾಂಶವನ್ನು ಬಹಿರಂಗಪಡಿಸುವುದನ್ನೂ ನಿರ್ಬಂಧಿಸುತ್ತದೆ. ಅದೇ ರಕ್ಷಣೆ ನಿಮ್ಮ ಪರೀಕ್ಷೆಗೂ ಇದೆ. ವೈದ್ಯರು ಆ ವ್ಯಕ್ತಿಯನ್ನು ಕೇಳಬಹುದು, ಒಪ್ಪಿದರೆ ಸರಿ.

ಪರೀಕ್ಷೆಯ ದಿನಾಂಕ ಮುಂದಿನ ವಿಷಯ. ಮರುದಿನವೇ ಮಾಡಿಸಿದ ಪರೀಕ್ಷೆ ನಿಮ್ಮ ಹಳೆಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ನಿನ್ನೆಯ ಘಟನೆಯನ್ನಲ್ಲ. ಸೋಂಕು ತಗಲಿದ ದಿನದಿಂದ ಪರೀಕ್ಷೆಯಲ್ಲಿ ಕಾಣುವವರೆಗಿನ ಕಾಲವನ್ನು ಗವಾಕ್ಷಿ ಅವಧಿ ಎನ್ನುತ್ತಾರೆ. ಪೆಪ್ ತೆಗೆದುಕೊಳ್ಳದವರಲ್ಲಿ, ವೈರಸ್ಸಿನ ಅಂಶವನ್ನೂ ಅದರ ವಿರುದ್ಧ ಮೈಯಲ್ಲಿ ಹುಟ್ಟುವ ಪ್ರತಿಕಾಯವನ್ನೂ ಹುಡುಕುವ, ಪ್ರಯೋಗಾಲಯದ ನಾಲ್ಕನೆಯ ಪೀಳಿಗೆಯ ಪರೀಕ್ಷೆಗೆ 45 ದಿನ, ಪ್ರತಿಕಾಯವನ್ನಷ್ಟೇ ಹುಡುಕುವ ಪರೀಕ್ಷೆಗೆ 3 ತಿಂಗಳು ಕಳೆದ ಮೇಲೆ ಬಂದ ನೆಗೆಟಿವ್ ಫಲಿತಾಂಶವನ್ನು ನಂಬಬಹುದು. ಪೆಪ್ ತೆಗೆದುಕೊಂಡವರು ಚಿಕಿತ್ಸೆ ಕೊಟ್ಟ ಕೇಂದ್ರದವರು ಬರೆದುಕೊಟ್ಟ ದಿನಾಂಕಗಳನ್ನು ಪಾಲಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐಸಿಟಿಸಿ ಎಂಬ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಜೊತೆಗೆ ಆಪ್ತಸಮಾಲೋಚಕರೊಡನೆ ಮಾತನಾಡಬಹುದು. ಫಲಿತಾಂಶ ತಿಳಿಯಲೆಂದು ರಕ್ತದಾನ ಶಿಬಿರಕ್ಕೆ ಹೋಗುವ ಜಾಣತನ ಮಾತ್ರ ಬೇಡವೇ ಬೇಡ: ಗವಾಕ್ಷಿ ಅವಧಿಯ ರಕ್ತ ರೋಗಿಯೊಬ್ಬರ ಮೈ ಸೇರಬಹುದು. ನಿಜವಾದ ಅಪಾಯವಿದ್ದವರು ಈ ಅವಧಿಯಲ್ಲಿ ಕಾಂಡೋಮ್ ಬಳಸಬೇಕು.

ಕಾಯುವ ದಿನಗಳಲ್ಲಿ ಹೆಚ್ಚಿನವರು ಸೋಲುವುದು ಲಕ್ಷಣಗಳ ಹುಡುಕಾಟದಲ್ಲಿ. ಕನ್ನಡಿಯ ಮುಂದೆ ನಿಂತು ಮೊಬೈಲ್ ಟಾರ್ಚ್ ಹಿಡಿದು ನಾಲಿಗೆಯ ಬಿಳುಪನ್ನು ನೋಡುವುದು, ಕುತ್ತಿಗೆಯ ಗಂಟುಗಳನ್ನು ಒತ್ತಿ ಒತ್ತಿ ನೋವು ಬರಿಸಿಕೊಳ್ಳುವುದು, ದಿನಕ್ಕೆ ಆರು ಬಾರಿ ಜ್ವರ ಅಳೆಯುವುದು. ಎಚ್‌ಐವಿಯ ಆರಂಭಿಕ ಜ್ವರ ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಬರುತ್ತದೆ ಎಂಬುದು ನಿಜ, ಆದರೆ ಅದಕ್ಕೂ ಮಳೆಗಾಲದ ವೈರಲ್ ಜ್ವರಕ್ಕೂ ಮೈಮೇಲೆ ವ್ಯತ್ಯಾಸ ಕಾಣಿಸದು. ಭಯವೇ ಬಾಯಿ ಒಣಗಿಸುತ್ತದೆ, ಬೇಧಿ ಮಾಡಿಸುತ್ತದೆ, ಊಟ ಸೇರದಂತೆ ಮಾಡಿ ತೂಕ ಇಳಿಸುತ್ತದೆ. ಹಾಗಾಗಿ ಲಕ್ಷಣಗಳಿಂದ ಯಾವ ತೀರ್ಮಾನಕ್ಕೂ ಬರಬಾರದು; ಉತ್ತರ ಕೊಡುವುದು ಪರೀಕ್ಷೆ ಮಾತ್ರ. ಒಂದು ಚೀಟಿಯಲ್ಲಿ ಘಟನೆಯ ದಿನಾಂಕ, ವೈದ್ಯರ ಮಾತು, ಪರೀಕ್ಷೆ ಬೇಕಿದ್ದರೆ ಅದರ ದಿನಾಂಕ, ಇಷ್ಟನ್ನು ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಮತ್ತೆ ಸಂಶಯ ಬಂದಾಗ ಅಂತರ್ಜಾಲದ ಬದಲು ಆ ಚೀಟಿಯನ್ನು ಓದಿಕೊಳ್ಳಿ.

ಅವಧಿ ಮುಗಿದ ಮೇಲೆ ನೆಗೆಟಿವ್ ಬಂದರೂ ಕಿಟ್ ಸರಿಯಿತ್ತೋ, ಮಾದರಿ ಅದಲುಬದಲಾಯಿತೋ ಎಂದು ಲ್ಯಾಬಿನಿಂದ ಲ್ಯಾಬಿಗೆ ಅಲೆಯುವವರಿಗೆ, ಕೈಯ ಚರ್ಮ ಬಿರಿಯುವವರೆಗೆ ತೊಳೆಯುವವರಿಗೆ, ಮಗುವನ್ನು ಎತ್ತಿಕೊಳ್ಳಲೂ ಅಂಜುವವರಿಗೆ ಇನ್ನೊಂದು ರಕ್ತ ಪರೀಕ್ಷೆಯಿಂದ ಸಿಗುವ ನೆಮ್ಮದಿ ಎರಡು ದಿನ ಬಾಳುವುದಿಲ್ಲ. ಅದು ಗೀಳು ಕಾಯಿಲೆಯಿರಬಹುದು. ಮಾತ್ರೆ ಮತ್ತು ವರ್ತನಾ ಚಿಕಿತ್ಸೆಗಳಿಂದ ಹತೋಟಿಗೆ ಬರುವಂಥದ್ದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಇದಕ್ಕೆ ಚಿಕಿತ್ಸೆ ಕೊಡುತ್ತಾರೆ. ಹೊರಗೆ ಹೋಗಿ ಹೇಳಿಕೊಳ್ಳಲು ಸಂಕೋಚವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರಲಿ ರಾತ್ರಿಯಿರಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.