ಹಾಡಿನ ಉದ್ದ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಡಿ

ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ವೃಂದಗಾನ ಅಭ್ಯಾಸ ಮಾಡುತ್ತಿರುವವರಿಗೆ ಒಂದು ಸಲಹೆ. ಎಳೆದು ಹಾಡುವ ಉದ್ದ ಸಾಲುಗಳಲ್ಲಿ ಅಕ್ಕಪಕ್ಕ ನಿಂತವರು ಬೇರೆ ಬೇರೆ ಜಾಗದಲ್ಲಿ ಉಸಿರು ತೆಗೆದುಕೊಳ್ಳಿ. ನಿಂತ ಕ್ರಮದಲ್ಲೇ ಒಂದು, ಎರಡು, ಒಂದು, ಎರಡು ಅಂತ ಎಣಿಸಿ. ಒಂದು ಬಂದವರು ಸಾಲಿನ ಮೊದಲರ್ಧದಲ್ಲಿ, ಎರಡು ಬಂದವರು ಆಮೇಲಿನ ಅರ್ಧದಲ್ಲಿ. ಹಾಡಿನ ಹಾಳೆಯಲ್ಲಿ ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಸಣ್ಣ ಗೀಟು ಹಾಕಿಕೊಳ್ಳಿ. ಪೆನ್ ಬೇಡ, ರಿಹರ್ಸಲ್‌ನಲ್ಲಿ ಜಾಗ ಬದಲಾಗುತ್ತಲೇ ಇರುತ್ತದೆ. ಗೀಟು ಎರಡು ಪದಗಳ ನಡುವೆಯೂ ಬೇಡ. ಅಲ್ಲಿ ಎಲ್ಲರಿಗೂ ತಾನಾಗಿಯೇ ಉಸಿರೆಳೆಯುವ ಅಭ್ಯಾಸ ಇರುತ್ತದೆ, ಅಲ್ವಾ? ಅದೇ ಹೊತ್ತಿಗೆ ಹಾಡು ತುಂಡಾಗುವುದು. ‘ಆ’, ‘ಈ’, ‘ಓ’ ಎಂದು ದೀರ್ಘವಾಗಿ ಎಳೆಯುವ ಕಡೆ ಹಾಕಿ. ಅಲ್ಲಿ ಕೆಲವರು ನಿಲ್ಲಿಸಿದರೂ ಉಳಿದವರ ದನಿ ಸಾಲನ್ನು ಹಿಡಿದಿರುತ್ತದೆ, ಅಕ್ಷರವೂ ನುಂಗಿಹೋಗುವುದಿಲ್ಲ. ಉಸಿರು ಸಾಕಷ್ಟು ಇರುವುದರಿಂದ ಸಾಲಿನ ಕೊನೆಯಲ್ಲಿ ಶ್ರುತಿ ಇಳಿಯುವುದೂ ಕಡಿಮೆಯಾಗುತ್ತದೆ. ಮತ್ತೆ ಸೇರುವಾಗ ಮಾತ್ರ ಮೆಲ್ಲಗೆ, ಎಳೆಯುತ್ತಿರುವ ಸ್ವರಕ್ಕೇ ಸೇರಿ. ಪದವನ್ನು ಮೊದಲಿಂದ ಶುರು ಮಾಡಿದರೆ ಎಲ್ಲ ಕೆಟ್ಟಿತು. ನಾಲ್ಕೈದು ಜನರ ತಂಡಕ್ಕೆ ಇದು ಆಗಿಬರುವುದಿಲ್ಲ, ಒಬ್ಬರು ನಿಲ್ಲಿಸಿದರೂ ಗೊತ್ತಾಗುತ್ತದೆ. ಮೈಕ್‌ಗೆ ತೀರಾ ಹತ್ತಿರ ನಿಂತವರದ್ದೂ ಅದೇ ಕಥೆ, ಅವರನ್ನು ಒಂದು ಹೆಜ್ಜೆ ಹಿಂದೆ ನಿಲ್ಲಿಸಿ. ಚುರುಕು ನಡೆಯ ಹಾಡುಗಳಿಗೆ ಇದೆಲ್ಲ ಬೇಕಿಲ್ಲ. ಅಲ್ಲಿ ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ ಉಸಿರೆಳೆದರೇನೇ ತಾಳಕ್ಕೆ ಬಿಗಿ ಬರುತ್ತದೆ.