ಹಳೆಯ ವ್ಯಾನಿಗೆ ಹೊಸ ಸೈಲೆನ್ಸರ್

ಟ್ರೇಲರ್ ಎಳೆಯುವ ನನ್ನ ಹಳೆಯ ಡೀಸೆಲ್ ಟೆಂಪೋ ಟ್ರಾವೆಲರ್‌ಗೆ ಸೈಲೆನ್ಸರನ್ನು ನಾನೇ ಬದಲಿಸುತ್ತೇನೆ. ಬೆಂಗಳೂರಿನಲ್ಲಿ ಗಾಡಿಯ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಪೈಪಿನ ತುಂಡನ್ನೇ ಒಯ್ಯಿರಿ, ವ್ಯಾಸ ಅಳೆದು ಹೊಸದನ್ನು ಕೊಳ್ಳಿ. ಭಾರ ಎಳೆದುಕೊಂಡು ಹೆಬ್ಬಾಳದ ಮೇಲ್ಸೇತುವೆ ಏರುವ ಎಂಜಿನ್‌ಗೆ ಕಿರಿದಾದ ಪೈಪ್ ಉಸಿರು ಕಟ್ಟಿಸುತ್ತದೆ. ಜೋಡಣೆಯ ನಡುವೆ ಕೂರುವ ಗ್ಯಾಸ್ಕೆಟ್, ಪೈಪ್ ಬಿಗಿಯುವ ಕ್ಲಾಂಪ್, ಪೈಪ್ ತೂಗುಹಾಕುವ ರಬ್ಬರ್ ಹ್ಯಾಂಗರ್ ಎಲ್ಲವೂ ಹೊಸದಿರಲಿ. ಇಲ್ಲಿ ಜಿಪುಣತನ ಬೇಡ.

ಜಾಕ್ ಒಂದನ್ನೇ ನಂಬಿ ಗಾಡಿಯಡಿ ನುಸುಳಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಇಡಿ.

ನಿಜವಾದ ಕೆಲಸವಿರುವುದು ಎಂಜಿನ್ನಿನ ಹೊಗೆಯನ್ನು ಪೈಪಿಗೆ ಸೇರಿಸುವ ಮ್ಯಾನಿಫೋಲ್ಡ್ ಬಳಿಯ ನಟ್‌ಗಳಲ್ಲಿ. ತುಕ್ಕು ಹಿಡಿದು ಕಂದು ಉಂಡೆಯಾಗಿರುತ್ತವೆ, ಸ್ಪ್ಯಾನರಿಗೆ ಮೂಲೆಯೇ ಸಿಗುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಬೆಳಿಗ್ಗೆ ವೈರ್ ಬ್ರಷ್‌ನಿಂದ ಉಜ್ಜಿ, ಆರು ಮೂಲೆಯ ಸಾಕೆಟ್ ಹಾಕಿ, ಸ್ವಲ್ಪ ಬಿಗಿದು ಸ್ವಲ್ಪ ಸಡಿಲಿಸುತ್ತಾ ಬಿಚ್ಚಿ. ಅವಸರದಲ್ಲಿ ನಟ್ ಕೂರುವ ತಿರುಪಿನ ಕಡ್ಡಿ, ಅಂದರೆ ಸ್ಟಡ್, ಮುರಿದರೆ ಲೇತ್ ಅಂಗಡಿಯೇ ಗತಿ.

ಹೊಸದನ್ನು ಮುಂದಿನಿಂದ ಹಿಂದಕ್ಕೆ ಸಡಿಲವಾಗಿ ಜೋಡಿಸಿ. ಚಾಸಿಗೆ, ಬ್ರೇಕ್ ಪೈಪಿಗೆ, ಟ್ರೇಲರ್ ಕೊಂಡಿಗೆ ಎಲ್ಲಿಯೂ ತಾಗದಂತೆ ಹೊಂದಿಸಿದ ಮೇಲೆಯೇ ಬಿಗಿಯಿರಿ. ತಣ್ಣಗಿರುವ ಎಂಜಿನನ್ನು ಬಯಲಿನಲ್ಲಿ ಚಾಲೂ ಮಾಡಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಸಣ್ಣ ಸೋರಿಕೆಯನ್ನೂ ಬಿಡಬೇಡಿ. ಟ್ರೇಲರ್ ಕಟ್ಟದೆ ಒಂದು ಸುತ್ತು ಓಡಿಸಿ, ಆರಿದ ಮೇಲೆ ಕ್ಲಾಂಪ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ.